ಥಾಮಸ್ ಮನ್ರೋ

ತುಂಗಭದ್ರೆಯ ಬಲದಂಡೆಯ ಹಡಗಲಿಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳನ್ನು ಒಳಗೊಂಡು ಕೂಡ್ಲಿಗಿಯ ಮಸಾರಿ ಹೊಲಗಳವರೆಗೆ ಹಬ್ಬಿದ ಪ್ರದೇಶವು ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ವಿಜಯನಗರದ ಅರಸರ ಪ್ರಭುತ್ವ ಅಳಿದ ಮೇಲೆ ಈ ಸೀಮೆಗೆ ನೆಮ್ಮದಿಯೆಂಬುದಿರಲಿಲ್ಲ. ಹರಪನಹಳ್ಳಿ, ಜರಿಮಲೆ ಮೊದಲಾದೆಡೆಗಳಲ್ಲಿ ಪಾಳೆಯಗಾರರು ನೆಲೆಯೂರಿದರು. ಮರಾಠರು, ಹೈದರಾಲಿ, ಟಿಪ್ಪು, ನಿಜಾಮ ಹೀಗೆ ಒಬ್ಬರಾದ ಮೇಲೊಬ್ಬರು ಬಂದು ಕಪ್ಪಕಾಣಿಕೆ ಬೇಡಿದರು. ಕೊನೆಗೆ 1800ರಲ್ಲಿ ನಿಜಾಮನು ಇಂಗ್ಲಿಷ್ ಕಂಪನಿಯ ಸೇನೆಯ ವೆಚ್ಚಕ್ಕಾಗಿ ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಅದಕ್ಕೆ ಬಿಟ್ಟುಕೊಟ್ಟನು. ಅವುಗಳ ಮುಖ್ಯ ಕಲೆಕ್ಟರನಾಗಿ ಬಂದವನೇ ಥಾಮಸ್ ಮನ್ರೋ.

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1761ರಲ್ಲಿ ಜನಿಸಿದನು. ತಂದೆ ವ್ಯಾಪಾರಿ, ಅಮೆರಿಕದ ಯುದ್ಧದಿಂದ ಅವನ ವ್ಯಾಪಾರ ಮುರಿದುಬಿತ್ತು. ಮಗನು 1780ರಲ್ಲಿ ಕಂಪನಿಯ ಸೈನಿಕನಾಗಿ ಮದರಾಸಿಗೆ ಬಂದು, ಹೈದರಾಲಿ ಮತ್ತು ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಹೋರಾಡಿದನು. ಪಾರಸಿ, ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. 1792ರಿಂದ ಬಾರಾಮಹಲಿನಲ್ಲಿ, 1799ರಿಂದ ಕನ್ನಡ ಜಿಲ್ಲೆಯಲ್ಲಿ ಕಂದಾಯದ ಕೆಲಸ ನೋಡಿಕೊಂಡು ಪಳಗಿದನು.

ಹೊಸ ಸೀಮೆಯಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಒಂದು ನಾಡಿನಲ್ಲಿ ಆಯುಧ ಹಿಡಿಯುವ ಅಧಿಕಾರ ಒಂದೇ ಕೈಯಲ್ಲಿರಬೇಕೆಂಬುದು ಮನ್ರೋವಿನ ನಿಲುವು. ಜನರಲ್ ಕ್ಯಾಂಪ್‌ಬೆಲ್ಲನ ಸೇನೆಯ ನೆರವಿನಿಂದ ಅವನು ಪಾಳೆಯಗಾರರನ್ನು ಅಡಗಿಸಿದನು. ಈ ಕಾರ್ಯದಲ್ಲಿ ಅವನು ಎಲ್ಲೆಡೆಯೂ ನ್ಯಾಯವಾಗಿ ನಡೆದುಕೊಂಡನೆಂದು ಹೇಳಲಾಗದು. ಲಂಡನ್ನಿನ ನಿರ್ದೇಶಕರೇ ಅವನ ಕೆಲವು ಕ್ರಮಗಳನ್ನು ಆಕ್ಷೇಪಿಸಿದರು.

ಅನಂತರ ಅವನ ಗಮನ ಹೊಲಗಳ ಕಡೆಗೆ ಹರಿಯಿತು. ವರ್ಷಗಟ್ಟಲೆ ಡೇರೆಗಳಲ್ಲಿ ವಾಸಿಸುತ್ತ ಅವನು ಊರೂರು ಸುತ್ತಿದನು. 33 ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆಯಿಸಿದನು. ಆ ಸರಪಳಿಯ ಉದ್ದಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಮ್ಮ ರೈತರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಮೀನ್ದಾರನಾಗಲಿ ಪಾಳೆಯಗಾರನಾಗಲಿ ನಡುವೆ ಇರದಂತೆ, ಪ್ರತಿಯೊಬ್ಬ ರೈತನಿಗೂ ಸರ್ಕಾರವೇ ಕಂದಾಯವನ್ನು ಗೊತ್ತುಮಾಡಿ ಪಟ್ಟಾ ಕೊಟ್ಟಿತು. ಇದೇ ರೈತವಾರಿ ಪದ್ಧತಿ. ಏಳು ವರ್ಷಗಳಲ್ಲಿ ಕಂದಾಯದ ಹುಟ್ಟುವಳಿ ಸುಮಾರು ಅರ್ಧದಷ್ಟು ಏರಿತು. ಆದರೆ ಆ ಹೊರೆ ಹೆಚ್ಚಾಯಿತೆಂದು ಮನ್ರೋವಿಗೇ ಅನ್ನಿಸಿತು. 1807ರಲ್ಲಿ ಸೀಮೆಯನ್ನು ಬಿಡುವ ಮುನ್ನ, ಕಂದಾಯವನ್ನು ನೂರಕ್ಕೆ 25ರಂತೆ ಇಳಿಸಬೇಕೆಂದು ಅವನು ಬರೆದನು. ಮೇಲಿನವರು ಆಗ ಅದಕ್ಕೆ ಕಿವಿಗೊಡಲಿಲ್ಲ.

ಈ ಸಂಚಾರಗಳಲ್ಲಿ ಅವನು ಇನ್ನೊಂದು ಸಂಗತಿಯನ್ನು ಕಂಡಿದ್ದನು. ಅರಸರು ಬದಲಾದರೂ ಹಳ್ಳಿಯ ವ್ಯವಸ್ಥೆ ಬದಲಾಗಿರಲಿಲ್ಲ. ಗೌಡನು ಊರಿನ ಮುಖ್ಯಸ್ಥ, ಶಾನುಭೋಗನು ಲೆಕ್ಕದವನು. ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ ಮೊದಲಾದ ಆಯಗಾರರು ಊರಿನ ಕೆಲಸಗಳನ್ನು ನಡೆಸುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು. ಅವರಲ್ಲಿ ಕೆಲವರಿಗೆ ಮಾನ್ಯದ ಹೊಲಗಳೂ ಇದ್ದವು. ಸಂಬಳಕ್ಕಾಗಿ ಅವರು ಯಾವ ಅರಸನ ಬೊಕ್ಕಸವನ್ನೂ ನೋಡಬೇಕಾಗಿರಲಿಲ್ಲ. ಪಾಲಿನಲ್ಲಿ ಮೇಲುಕೀಳುಗಳಿದ್ದವೆಂಬುದು ಬೇರೆ ಮಾತು. ಹನ್ನೆರಡು ಆಯಗಾರರ ಇಂಥ ಪ್ರತಿಯೊಂದು ಹಳ್ಳಿಯೂ ಒಂದು ಪುಟ್ಟ ಗಣರಾಜ್ಯವೆಂದೂ, ಭಾರತವು ಇಂಥ ಗಣರಾಜ್ಯಗಳ ಸಮೂಹವೆಂದೂ ಮನ್ರೋ 1806ರಲ್ಲಿ ಸರ್ಕಾರಕ್ಕೆ ವರದಿ ಮಾಡಿದನು.

ಆದರೆ ಆ ಪುಟ್ಟ ಗಣರಾಜ್ಯದೊಳಕ್ಕೆ ಸರ್ಕಾರವನ್ನು ಕರೆತಂದವನೂ ಅವನೇ! ಊರಿನ ಕಂದಾಯವನ್ನು ಒಟ್ಟಾಗಿ ಕುಳಿತು ಹಂಚಿಕೊಳ್ಳುವ ಅಗತ್ಯ ತಪ್ಪಿತು. ಯಾವ ಹೊಲಕ್ಕೆ ಎಷ್ಟು ಎಂಬುದನ್ನು ಕಚೇರಿಯ ಕಡತವೇ ಹೇಳತೊಡಗಿತು. ಗೌಡ, ಶಾನುಭೋಗರು ಕ್ರಮೇಣ ಊರಿನವರಾಗಿರುವುದಕ್ಕಿಂತ ಹೆಚ್ಚಾಗಿ ಸರ್ಕಾರದವರಾದರು. ರೈತನಿಗೆ ಪಾಳೆಯಗಾರನ ಕಾಟ ತಪ್ಪಿದ್ದು ನಿಜ. ಊರಿನ ಆಸರೆ ಸಡಿಲಿದ್ದೂ ಅಷ್ಟೇ ನಿಜ.

1814ರಲ್ಲಿ ಇಂಗ್ಲೆಂಡಿನಿಂದ ಮರಳಿದ ಮನ್ರೋ ನ್ಯಾಯಾಡಳಿತದ ಸುಧಾರಣೆಗೆ ತೊಡಗಿದನು. ಆಗ ಸಣ್ಣ ವ್ಯಾಜ್ಯಗಳಿಗೂ ರೈತನು ದೂರದ ನ್ಯಾಯಾಲಯಕ್ಕೆ ಅಲೆಯಬೇಕಾಗಿತ್ತು. 1816ರ ಕಾನೂನುಗಳು 10 ರೂಪಾಯಿಯವರೆಗಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವನ್ನು ಗೌಡನಿಗೆ ಕೊಟ್ಟವು. ಉಭಯ ಪಕ್ಷದವರೂ ಒಪ್ಪಿದರೆ ಊರಿನ ಪಂಚಾಯಿತಿಯು ಎಷ್ಟು ದೊಡ್ಡ ಮೊತ್ತದ ವ್ಯಾಜ್ಯವನ್ನಾದರೂ ವಿಚಾರಿಸಬಹುದಾಗಿತ್ತು. ಆದರೂ ಈ ಪಂಚಾಯಿತಿಗಳ ಮುಂದೆ ಬಂದ ವ್ಯಾಜ್ಯಗಳು ತೀರ ಕಡಿಮೆ. ಹಿಂದೆ ಪಂಚಾಯಿತಿಗೆ ಬಲವನ್ನಿತ್ತಿದ್ದುದು ಊರಿನ ಒಪ್ಪಿಗೆ. ಈಗ ಅದು ಸರ್ಕಾರದ ಕಾನೂನಿನ ಒಂದು ಕಲಮು ಮಾತ್ರವಾಗಿತ್ತು.

1820ರಲ್ಲಿ ಮನ್ರೋ ಮದರಾಸಿನ ಗವರ್ನರನಾದನು. ತಾನು ಹಿಂದೆ ಬೇಡಿದ್ದ ಕಂದಾಯದ ಇಳಿತಕ್ಕೆ ಮನ್ನಣೆ ದೊರಕಿಸಿದನು. ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಡುವುದು ಒಂದು ಜನಾಂಗವನ್ನೇ ಕುಗ್ಗಿಸಿದಂತೆ ಎಂದೂ, ಜನರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲ ದಿನಕ್ಕಾಗಿ ಆಡಳಿತವು ಅವರನ್ನು ಅಣಿಗೊಳಿಸಬೇಕೆಂದೂ 1824ರ ಟಿಪ್ಪಣಿಯಲ್ಲಿ ವಾದಿಸಿದನು. ಅಂದಿನ ಆಂಗ್ಲ ಅಧಿಕಾರಿಗಳಲ್ಲಿ ಹೀಗೆ ಯೋಚಿಸಿದವರು ವಿರಳ. ಆದರೆ ಆ ದಿನ ಯಾವಾಗ ಬಂದಿತೆಂದು ನಿರ್ಣಯಿಸುವ ಅಧಿಕಾರವನ್ನು ಅವನೂ ಜನರ ಕೈಗೆ ಕೊಡಲಿಲ್ಲ.

1827ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ, ತಾನು ಏಳು ವರ್ಷ ಆಳಿದ ಸೀಮೆಯನ್ನು ಕಡೆಯ ಬಾರಿ ಕಾಣಲೆಂದು ಅವನು ಪ್ರವಾಸ ಬಂದನು. ದಾರಿಯಲ್ಲಿ ವಾಂತಿಭೇದಿ ತಗುಲಿ, ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡನು. ಗುತ್ತಿಯಲ್ಲಿ ಹೂಳಿದ್ದ ಅವನ ದೇಹವನ್ನು 1831ರಲ್ಲಿ ಮದರಾಸಿನ ಕೋಟೆಯ ಚರ್ಚಿಗೆ ಸಾಗಿಸಲಾಯಿತು. ಈ ಸೀಮೆಯ ಹಳ್ಳಿಗರಲ್ಲಿ ಕೆಲವರು ತಮ್ಮ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರು.