ಸಕ್ಕರೆ ಕಾಯಿಲೆಯವರಿಗೆ ಬದುಕು ಕೊಟ್ಟ ಬ್ಯಾಂಟಿಂಗ್

ಹಂಪನಕಟ್ಟೆಯ ಯಾವುದಾದರೂ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಫ್ರಿಜ್ಜಿನಿಂದ ಇನ್ಸುಲಿನ್ ತೆಗೆಸಿಕೊಂಡು ಹೋಗುವವರು ಒಬ್ಬರಾದರೂ ಕಾಣಸಿಗುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10.1 ಕೋಟಿ. ಇವರಲ್ಲಿ ಅನೇಕರಿಗೆ ಮಾತ್ರೆ, ಪಥ್ಯ, ನಡಿಗೆ ಸಾಕು. ಆದರೆ ಟೈಪ್ 1 ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ಇಲ್ಲದಿದ್ದರೆ ಜೀವ ಉಳಿಯದು.

ನಾವು ಮಕ್ಕಳ ದಿನವೆಂದು ಆಚರಿಸುವ ನವೆಂಬರ್ 14, ವಿಶ್ವ ಮಧುಮೇಹ ದಿನವೂ ಹೌದು. 1891ರ ಆ ದಿನ ಕೆನಡಾದ ಆಲಿಸ್ಟನ್ ಎಂಬ ಊರಿನ ರೈತ ಕುಟುಂಬದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಜನಿಸಿದರು. ಕಾಲೇಜಿನ ಮೊದಲ ವರ್ಷವೇ ಫೇಲು! (ವಿದ್ಯಾರ್ಥಿಗಳು ಗಮನಿಸಿ.) ಅನಂತರ ವೈದ್ಯಕೀಯ ಸೇರಿದರು. ಮೊದಲ ಮಹಾಯುದ್ಧದಲ್ಲಿ ತೋಳಿಗೆ ಗಾಯವಾಯಿತು. 1920ರಲ್ಲಿ ಸ್ವಂತ ಕ್ಲಿನಿಕ್ ತೆರೆದರೆ ಮೊದಲ ತಿಂಗಳ ಸಂಪಾದನೆ ಬರೇ 4 ಡಾಲರ್.

ಆ ವರ್ಷದ ಅಕ್ಟೋಬರ್ ಕೊನೆಯ ಒಂದು ರಾತ್ರಿ ಮೇದೋಜೀರಕ ಗ್ರಂಥಿಯ ಕುರಿತ ಲೇಖನ ಓದಿ ಮಲಗಿದವರಿಗೆ ನಿದ್ದೆ ಬರಲಿಲ್ಲ. ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸ ಹಾಳುಮಾಡುವ ಮೊದಲೇ ಒಳಗಿನ ಸ್ರಾವವನ್ನು ತೆಗೆಯಬಹುದಲ್ಲವೇ ಎಂದು ಹೊಳೆದದ್ದನ್ನು ಎದ್ದು ಬರೆದಿಟ್ಟರು. 1921ರ ಮೇ ತಿಂಗಳಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಚಾರ್ಲ್ಸ್ ಬೆಸ್ಟ್ ಎಂಬ ಯುವಕನೊಂದಿಗೆ ನಾಯಿಗಳ ಮೇಲೆ ಪ್ರಯೋಗ ಆರಂಭವಾಯಿತು.

1922ರ ಜನವರಿ 11ರಂದು ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು. ಅದು ಫಲ ಕೊಡಲಿಲ್ಲ. ರಸಾಯನ ತಜ್ಞ ಕಾಲಿಪ್ ಔಷಧವನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಅಲ್ಲಿಯವರೆಗೆ ಇಂಥ ಮಕ್ಕಳಿಗಿದ್ದ ಉಪಾಯವೆಂದರೆ ಉಪವಾಸಕ್ಕೆ ಸಮೀಪದ ಪಥ್ಯ. ಅದರಿಂದ ಸಾವು ಸ್ವಲ್ಪ ಮುಂದೆ ಹೋಗುತ್ತಿತ್ತು, ಅಷ್ಟೇ. ಲಿಯೊನಾರ್ಡ್ ಮತ್ತೆ 13 ವರ್ಷ ಬದುಕಿದ. ಮೀನಿನ ಊರಿನವರಾದ ನಮಗೆ ಕುತೂಹಲದ ಸಂಗತಿ: ಅದೇ ವರ್ಷ ಮ್ಯಾಕ್ಲಿಯಾಡ್ ಸಮುದ್ರ ತೀರಕ್ಕೆ ಹೋಗಿ ಮೀನುಗಳಿಂದಲೂ ಇನ್ಸುಲಿನ್ ತೆಗೆದಿದ್ದರು.

ಪೇಟೆಂಟ್‌ನಲ್ಲಿ ತಮ್ಮ ಹೆಸರು ಹಾಕಿಸಲು ಬ್ಯಾಂಟಿಂಗ್ ಮೊದಲು ಒಪ್ಪಲಿಲ್ಲ. ಸಂಶೋಧಕರು ಅದರ ಹಕ್ಕನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ಬಂದಾಗ, ಬೆಸ್ಟ್‌ರನ್ನು ಬಿಟ್ಟರೆಂದು ಸಿಟ್ಟಾಗಿ ಬ್ಯಾಂಟಿಂಗ್ ತಮ್ಮ ಹಣದಲ್ಲಿ ಅರ್ಧ ಕೊಟ್ಟರು. ಮ್ಯಾಕ್ಲಿಯಾಡ್ ಕೂಡಾ ಕಾಲಿಪ್ ಜೊತೆ ಹಂಚಿಕೊಂಡರು. ಮ್ಯಾಕ್ಲಿಯಾಡ್ ಮೇಲೆ ಬ್ಯಾಂಟಿಂಗ್ ಇಟ್ಟುಕೊಂಡ ಮುನಿಸು ಮಾತ್ರ ನ್ಯಾಯವಾದದ್ದಲ್ಲವೆಂದೇ ನನ್ನ ಅಭಿಪ್ರಾಯ.

ಆಗಿನ ಇನ್ಸುಲಿನ್ ದನ, ಹಂದಿಗಳ ಗ್ರಂಥಿಯಿಂದ ಬರುತ್ತಿತ್ತು. ಆ ಕಾರಣಕ್ಕೆ ಮನೆಯ ಹಿರಿಯರು ಇಂದೂ ಹಿಂಜರಿಯುತ್ತಿದ್ದರೆ ಅವರಿಗೆ ತಿಳಿಸಿ ಹೇಳಿ: 1982ರಿಂದ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ, ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವ ಇನ್ಸುಲಿನ್‌ಗೆ 2024ರಲ್ಲಿ ಯುರೋಪಿನಲ್ಲಿ ಮಂಜೂರಾತಿಯೂ ಸಿಕ್ಕಿದೆ.

ಇದಾವುದನ್ನೂ ಬ್ಯಾಂಟಿಂಗ್ ಕಾಣಲಿಲ್ಲ. 1941ರ ಫೆಬ್ರವರಿಯಲ್ಲಿ ಯುದ್ಧಕಾಲದ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೊರಟಿದ್ದ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡ್‌ನ ಹಿಮದಲ್ಲಿ ಬಿದ್ದಿತು. ಮರುದಿನ ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ.