ವಾಲ್ಟರ್ ಕ್ರೈಸ್ಲರ್: ಬಿಚ್ಚಿ ಕಲಿತವನ ಬಾಳು

ಬೆಂಗಳೂರಿನ ತಿಲಕ್ ನಗರದ ಒಂದು ಅಡ್ಡರಸ್ತೆಯಲ್ಲಿ, ತಗಡಿನ ಚಪ್ಪರದ ಕೆಳಗೆ, ನಮ್ಮ ದೊಡ್ಡಪ್ಪನವರ ಡಾಡ್ಜ್ ಕಿಂಗ್ಸ್‌ವೇ ಕಾರು ಒಂದು ವರ್ಷದಿಂದ ಅಂಗಾಂಗಗಳನ್ನು ಕಳಚಿಕೊಂಡು ನಿಂತಿದೆ. 1954ರ ಮಾದರಿ, ಅಮೆರಿಕದ ಭಾಗಗಳನ್ನು ತರಿಸಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಜೋಡಿಸಿದ್ದು. ಇಂದಿನ ತರುಣರು ಚಿತ್ರಗಳಲ್ಲಿ ಕಂಡು ಬೆರಗಾಗುವ ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಮೊದಲಾದ ಮಹಾಬಲದ ಕಾರುಗಳು ಇದೇ ಮನೆತನದ ಮುಂದಿನ ಪೀಳಿಗೆ. ಅದನ್ನು ಪುನಃ ಓಡುವಂತೆ ಮಾಡಬೇಕು, ಆದರೆ ನನ್ನ ಅಭಿರುಚಿಗೆ ತಕ್ಕಂತೆ ಬಣ್ಣ, ಆಸನ, ಯಂತ್ರ ಎಲ್ಲವನ್ನೂ ಬದಲಿಸಬೇಕು ಎಂಬ ಹಂಬಲ ಹೊತ್ತು ನಾನು ಅಲ್ಲಿಗೆ ಹೋದೆ.

ಹೋದ ಮೊದಲ ದಿನವೇ ನನಗೆ ಮುಖಭಂಗವಾಯಿತು. ಎಡಗಡೆಯ ಚಕ್ರವನ್ನು ಬಿಚ್ಚಲು ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೈಯೆಲ್ಲ ಭಾರ ಬಿಟ್ಟೆ, ಬೋಲ್ಟು ತುಂಡಾಯಿತು. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಎಡಗಡೆಯ ಚಕ್ರಗಳ ತಿರುಪು ವಿರುದ್ಧ ದಿಕ್ಕಿನದು. ಓಡುವಾಗ ಚಕ್ರದ ಸುತ್ತಿಗೆ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿದ್ದರು. ಬಿಚ್ಚುತ್ತಿದ್ದೇನೆಂದು ತಿಳಿದ ನಾನು ಬಿಗಿಯುತ್ತಿದ್ದೆ. ಗ್ಯಾರೇಜಿನ ಉಸ್ತಾದರು ನನ್ನನ್ನು ಗದರಲಿಲ್ಲ. ಮೊದಲು ಇದನ್ನು ಮಾಡಿದವರ ಮನಸ್ಸು ತಿಳಿಯಿರಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದಂತೆ ಮಾಡಿಕೊಳ್ಳಿ ಎಂಬ ಅರ್ಥದ ಮಾತೊಂದನ್ನು ಹೇಳಿ, ಮುರಿದ ತುಂಡನ್ನು ನನ್ನ ಕೈಗಿತ್ತರು. ವಾಲ್ಟರ್ ಕ್ರೈಸ್ಲರನ ಜೀವನವನ್ನು ನಾನು ಓದತೊಡಗಿದ್ದು ಆ ತುಂಡಿನ ದೆಸೆಯಿಂದ.

ಕ್ರೈಸ್ಲರ್ ಹುಟ್ಟಿದ್ದು 1875ರ ಏಪ್ರಿಲ್ 2ರಂದು, ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ವಾಮೀಗೋ ಎಂಬಲ್ಲಿ. ಬೆಳೆದದ್ದು ಎಲ್ಲಿಸ್ ಎಂಬ ರೈಲ್ವೆ ಊರಿನಲ್ಲಿ. ತಂದೆ ರೈಲು ಎಂಜಿನ್ನಿನ ಚಾಲಕ. ಹುಡುಗ ಮನೆಯ ಹಸುಗಳ ಹಾಲನ್ನು ಊರಿಗೆ ಮಾರಿದ. ಓದು ಮುಗಿದ ಮೇಲೆ ರೈಲ್ವೆ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ಗಂಟೆಗೆ ಹತ್ತು ಸೆಂಟು ಕೂಲಿ. ಮಗ ಕಾಲೇಜಿಗೆ ಹೋಗಲೆಂಬುದು ತಂದೆಯ ಆಸೆ; ಮಗನಿಗೋ ಯಂತ್ರಗಳ ಮೋಹ. ಕೊನೆಗೆ ಯಂತ್ರವಿದ್ಯೆ ಕಲಿಯುವ ಹುಡುಗನಾಗಿ ಅವನನ್ನು ಸೇರಿಸಿಕೊಂಡಾಗ ಕೂಲಿ ಐದು ಸೆಂಟಿಗಿಳಿಯಿತು. ಕಲಿಯುವುದಕ್ಕಾಗಿ ಅರ್ಧ ಸಂಬಳವನ್ನು ಬಿಟ್ಟುಕೊಟ್ಟದ್ದು ಅವನ ಬಾಳಿನಲ್ಲಿ ಅದು ಮೊದಲನೆಯ ಸಲ.

ಕೊಳ್ಳಲು ಹಣವಿಲ್ಲದ್ದರಿಂದ ಅವನು ತನ್ನ ಹತ್ಯಾರುಗಳನ್ನು ತಾನೇ ಮಾಡಿಕೊಂಡ. ಉಗಿ ಎಂಜಿನ್ನಿನ ಪುಟ್ಟ ಮಾದರಿಯೊಂದನ್ನು ತಯಾರಿಸಿ ಮನೆಯಂಗಳದಲ್ಲಿ ಓಡಿಸಿದ. ಕೆಲಸ ಕಲಿತ ಮೇಲೆ ಊರಿಂದೂರಿಗೆ, ಒಂದು ರೈಲ್ವೆ ಕಾರ್ಖಾನೆಯಿಂದ ಇನ್ನೊಂದಕ್ಕೆ ಅಲೆದ. 1901ರಲ್ಲಿ ತನ್ನ ಊರಿನ ಡೆಲ್ಲಾ ಫಾರ್ಕರಳನ್ನು ಮದುವೆಯಾದ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಅಯೋವಾ ಸಂಸ್ಥಾನದ ಓಲ್ವೈನ್ ಎಂಬಲ್ಲಿ ಒಂದು ರೈಲ್ವೆಯ ಎಂಜಿನ್ನುಗಳಿಗೆಲ್ಲ ಮೇಲ್ವಿಚಾರಕನಾದ.

1908ರಲ್ಲಿ ಅವನು ಷಿಕಾಗೋ ನಗರದ ಮೋಟಾರು ಪ್ರದರ್ಶನಕ್ಕೆ ಹೋದ. ಲೋಕೋಮೊಬೀಲ್ ಎಂಬ ಕಾರೊಂದು ಅಲ್ಲಿ ನಿಂತಿತ್ತು: ದಂತದ ಬಿಳುಪಿನ ಮೈ, ಕೆಂಪು ಚರ್ಮದ ಆಸನ, ಬೆಲೆ 5,000 ಡಾಲರ್. ಕ್ರೈಸ್ಲರನ ಉಳಿತಾಯವೆಲ್ಲ ಸೇರಿ 700 ಡಾಲರ್. ಉಳಿದ 4,300 ಡಾಲರನ್ನು ಸಾಲವೆತ್ತಿ ಕಾರನ್ನು ಕೊಂಡು, ರೈಲಿನಲ್ಲಿ ಊರಿಗೆ ತರಿಸಿ, ಕುದುರೆಗಳಿಂದ ಎಳೆಸಿ ಮನೆಯ ಕೊಟ್ಟಿಗೆಗೆ ಸೇರಿಸಿದ. ಹೆಂಡತಿ ಸವಾರಿ ಹೋಗೋಣವೆಂದು ಕಾದಳು. ಸವಾರಿ ಬರಲಿಲ್ಲ. ಗಂಡ ಕಾರಿನ ಒಂದೊಂದು ಭಾಗವನ್ನೂ ಕಳಚಿ ಹರಡಿ, ನಕ್ಷೆ ಬರೆದು, ಮತ್ತೆ ಜೋಡಿಸಿ, ಮತ್ತೆ ಕಳಚುತ್ತಿದ್ದ. ಹೀಗೆ ತಿಂಗಳುಗಳು ಕಳೆದವು. ಕೊನೆಗೊಂದು ದಿನ ಕಾರು ಬೀದಿಗೆ ಬಂದಾಗ, ಅದರ ಅಂತರಂಗವನ್ನೆಲ್ಲ ಬಲ್ಲ ಯಜಮಾನನಿಗೆ ನಡೆಸುವುದು ಮಾತ್ರ ತಿಳಿದಿರಲಿಲ್ಲ! ಅದು ನೆರೆಯವರ ತೋಟಕ್ಕೆ ನುಗ್ಗಿ ಹೂತುಕೊಂಡಿತು. ಅದನ್ನು ಎಳೆಯಲು ಮತ್ತೆ ಕುದುರೆಗಳೇ ಬರಬೇಕಾಯಿತು.

ಈ ಪ್ರಸಂಗವನ್ನು ಓದಿ ನಾನು ನಕ್ಕೆ, ಅನಂತರ ನಾಚಿದೆ. ಹೊಚ್ಚಹೊಸ ಕಾರನ್ನು ಸಾಲ ಮಾಡಿ ಕೊಂಡವನು ಮೊದಲು ಕೇಳಿದ್ದು ಅದು ಹೇಗೆ ಓಡುತ್ತದೆಂದು. ಯಾವ ಬಣ್ಣ ಬಳಿಯಲೆಂದು ಮೊದಲು ಕೇಳಿದವನು ನಾನು.

ಮುಂದೆ ಅವನು ಪಿಟ್ಸ್‌ಬರ್ಗ್ ಸಮೀಪದ ರೈಲು ಎಂಜಿನ್ನುಗಳ ಕಾರ್ಖಾನೆಯೊಂದಕ್ಕೆ ಹೋಗಿ ವರ್ಷಕ್ಕೆ 12,000 ಡಾಲರ್ ಸಂಪಾದಿಸುವಂತಾದ. ಅಷ್ಟರಲ್ಲಿ ಬ್ಯೂಯಿಕ್ ಕಾರಿನ ಕಾರ್ಖಾನೆಯಿಂದ ಕರೆ ಬಂತು; ಸಂಬಳ 6,000 ಡಾಲರ್. ಅವನು ಒಪ್ಪಿಕೊಂಡ. ಕಲಿಯುವುದಕ್ಕಾಗಿ ಅರ್ಧವನ್ನು ಬಿಟ್ಟುಕೊಟ್ಟದ್ದು ಇದು ಎರಡನೆಯ ಸಲ. ಕಣ್ಣಿಗೆ ಕಾಣದ ಚೌಕಟ್ಟಿಗೂ ಸಾರೋಟಿಗೆ ಬಳಿದಂತೆ ಪದರ ಪದರವಾಗಿ ಬಣ್ಣ ಬಳಿಯುತ್ತ ಕಾಲ ಕಳೆಯುತ್ತಿದ್ದ ಆ ಕಾರ್ಖಾನೆಯನ್ನು ತಿದ್ದಿ, ಉತ್ಪಾದನೆಯನ್ನು ಹಲವು ಮಡಿ ಹೆಚ್ಚಿಸಿದ. ಬ್ಯೂಯಿಕ್ ಸಂಸ್ಥೆಯ ಅಧ್ಯಕ್ಷನಾದ. 1924ರಲ್ಲಿ ಜೀಡರ್, ಸ್ಕೆಲ್ಟನ್, ಬ್ರೀರ್ ಎಂಬ ಮೂವರು ಎಂಜಿನಿಯರುಗಳ ನೆರವಿನಿಂದ ತನ್ನ ಹೆಸರಿನ ಕಾರನ್ನು ಹೊರತಂದ. ನಾಲ್ಕು ಚಕ್ರಗಳಿಗೂ ದ್ರವದೊತ್ತಡದ ಬ್ರೇಕು ಅದರ ವಿಶೇಷಗಳಲ್ಲೊಂದು. 1925ರಲ್ಲಿ ಕ್ರೈಸ್ಲರ್ ಕಾರ್ಪೊರೇಷನ್ ಹುಟ್ಟಿತು. 1928ರಲ್ಲಿ ಡಾಡ್ಜ್ ಕಂಪನಿ ಅದರ ವಶವಾಯಿತು. 1930ರಲ್ಲಿ ನ್ಯೂಯಾರ್ಕಿನಲ್ಲಿ 1,046 ಅಡಿ ಎತ್ತರದ ಕ್ರೈಸ್ಲರ್ ಸೌಧ ಮುಗಿದಾಗ, ಅದರ ತುದಿಯಂತಸ್ತಿನಲ್ಲಿ ಪ್ರದರ್ಶನಕ್ಕಿಟ್ಟದ್ದು ಅವನು ಹುಡುಗನಾಗಿದ್ದಾಗ ಮಾಡಿಕೊಂಡ ಹತ್ಯಾರುಗಳ ಪೆಟ್ಟಿಗೆಯನ್ನು.

ಇಷ್ಟಕ್ಕೇ ಚರಿತ್ರೆಯನ್ನು ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು. ಒಂದೊಂದು ತಿರುಪನ್ನೂ ಕೈಯಾರೆ ತಿಳಿದವನು ಕಟ್ಟಿದ ಕಾರ್ಖಾನೆಗಳಲ್ಲಿ ಕೆಲಸಗಾರನ ಪಾಲಿಗೆ ಬಂದದ್ದು ದಿನವಿಡೀ ಒಂದೇ ತಿರುಪು. 1937ರ ಮಾರ್ಚಿಯಲ್ಲಿ ಡೆಟ್ರಾಯಿಟ್ ನಗರದ ಕ್ರೈಸ್ಲರ್ ಕಾರ್ಖಾನೆಗಳಲ್ಲಿ ಸಾವಿರಾರು ಕಾರ್ಮಿಕರು ಯಂತ್ರಗಳ ಪಕ್ಕದಲ್ಲೇ ಕುಳಿತು ಮುಷ್ಕರ ಹೂಡಿದರು. ಕೊನೆಗೆ ಅವನು ಅವರ ನಾಯಕರೊಡನೆ ಮಾತಿಗೆ ಕೂರಬೇಕಾಯಿತು. ಅದೇ ವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಅವನು ತನ್ನನ್ನು ಅಮೆರಿಕದ ಒಬ್ಬ ಕೆಲಸಗಾರನೆಂದೇ ಕರೆದುಕೊಂಡಿದ್ದಾನೆ. ಆ ಹೆಸರಿಗೆ ಅವನಿಗೆಷ್ಟು ಹಕ್ಕಿತ್ತೋ ಬಾಗಿಲೊಳಗೆ ಕುಳಿತಿದ್ದವರಿಗೂ ಅಷ್ಟೇ ಹಕ್ಕಿತ್ತೆಂದು ನನಗನ್ನಿಸುತ್ತದೆ. 1938ರಲ್ಲಿ ಅವನು ಹಾಸಿಗೆ ಹಿಡಿದ. ಅದೇ ವರ್ಷ ಡೆಲ್ಲಾ ತೀರಿಕೊಂಡಳು. 1940ರ ಆಗಸ್ಟ್ 18ರಂದು ಅವನೂ ಕಣ್ಮುಚ್ಚಿದ.

ಆ ಆಗಸ್ಟ್ ತಿಂಗಳು ಮೈಸೂರಿಗೂ ದುಃಖದ ತಿಂಗಳು. 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾಗಿದ್ದರು. ಕ್ರೈಸ್ಲರನ ಹೆಸರು ನಮ್ಮ ನಾಡಿನ ಸಮೀಪಕ್ಕೆ ಬಂದಿದ್ದುದೂ ಆಗಲೇ. ಭಾರತದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದರು ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಕುದುರಿಸಿದರು. ಕಾರ್ಖಾನೆಗೆ ನೆರವಾಗಲು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಸಿದ್ಧವಿತ್ತು. ಬ್ರಿಟಿಷ್ ಭಾರತ ಸರ್ಕಾರ ಅಡ್ಡ ನಿಂತಿತು. ಅದೇ ಡಿಸೆಂಬರಿನಲ್ಲಿ ವಾಲ್‌ಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರಿನ ಕಾರ್ಖಾನೆ 1944ರಲ್ಲಿ ಮುಂಬಯಿಯ ಪಾಲಾಯಿತು. ನಮ್ಮ ದೊಡ್ಡಪ್ಪನವರ ಡಾಡ್ಜ್ ಬೆಂಗಳೂರಿನಲ್ಲೇ ಹುಟ್ಟಬಹುದಾಗಿತ್ತು!

ಪೆಟ್ರೋಲು ದುಬಾರಿಯಾದ ಎಪ್ಪತ್ತರ ದಶಕದಲ್ಲಿ, ಬೇರೆ ಅನೇಕರಂತೆ ದೊಡ್ಡಪ್ಪನವರೂ ಅದರ ಆರು ಸಿಲಿಂಡರಿನ ಎಂಜಿನ್ನನ್ನು ತೆಗೆಸಿ ಡೀಸೆಲ್ ಎಂಜಿನ್ನು ಕೂರಿಸಿದ್ದರು. ಅದಕ್ಕಾಗಿ ಯಾರೋ ಚೌಕಟ್ಟನ್ನು ಒರಟಾಗಿ ಕೊಯ್ದು ಬೆಸುಗೆ ಹಾಕಿದ್ದಾರೆ. ಆದರೆ ಹಿಂಬಾಗಿಲ ಗಾಜೇರಿಸುವ ಹಿಡಿ ಮುರಿದಾಗ ದೊಡ್ಡಪ್ಪನವರು ತಾವೇ ಅರದಿಂದ ಉಜ್ಜಿ ಮಾಡಿದ ಹಿತ್ತಾಳೆಯ ಹಿಡಿ ಇಂದಿಗೂ ಸಲೀಸಾಗಿ ತಿರುಗುತ್ತದೆ. ಎರಡೂ ಮೂಲದಲ್ಲಿ ಇಲ್ಲದವೇ. ಒಂದನ್ನು ತೆಗೆಯಬೇಕೆಂದೂ ಇನ್ನೊಂದನ್ನು ಮುಟ್ಟಬಾರದೆಂದೂ ಉಸ್ತಾದರು ಮಾತಿಲ್ಲದೆ ತೋರಿಸಿಕೊಟ್ಟರು. ಮನೆಯ ಹಿತ್ತಲಲ್ಲಿ ಗೋಣಿ ಹೊದ್ದು ಮಲಗಿದ್ದ ಹಳೆಯ ಎಂಜಿನ್ನನ್ನು ತಿಲಕ್ ನಗರಕ್ಕೆ ಸಾಗಿಸಿದೆವು. ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ಸಿಕ್ಕ ಭಾಗಗಳನ್ನು ತಂದೆವು. ಸಿಗದವನ್ನು ಲೇತಿನಲ್ಲಿ ಕಡೆಸಿದೆವು. ಬಣ್ಣದ ಮಾತನ್ನು ನಾನು ಸದ್ಯಕ್ಕೆ ಎತ್ತುತ್ತಿಲ್ಲ. ಪ್ರತಿ ಭಾನುವಾರ ಹೋಗಿ ಒಂದು ಭಾಗವನ್ನು ಬಿಚ್ಚುತ್ತೇನೆ, ಹೆಸರು ಬರೆದ ಡಬ್ಬಿಯಲ್ಲಿಡುತ್ತೇನೆ, ಮತ್ತೆ ಜೋಡಿಸುತ್ತೇನೆ. ಎಡಗಡೆಯ ಚಕ್ರವನ್ನು ಈಗ ಬಲಕ್ಕೆ ತಿರುಗಿಸಿಯೇ ಬಿಚ್ಚುತ್ತೇನೆ. ಮನೆಯಾಕೆ ಸವಾರಿ ಯಾವಾಗಲೆಂದು ಕೇಳುವುದನ್ನು ಇನ್ನೂ ಬಿಟ್ಟಿಲ್ಲ.