ತಲೆಯ ಹೊರಗಿನಿಂದ ಒಳಗೆ ಹೋದ ಅಳತೆಗೋಲು

ಪ್ರಶಾಂತಚಂದ್ರ ಮಹಾಲನೋಬಿಸ್ ಎಂದರೆ ಎರಡನೇ ಪಂಚವಾರ್ಷಿಕ ಯೋಜನೆಯ ಶಿಲ್ಪಿ ಎಂದಷ್ಟೇ ನಾವು ಮಕ್ಕಳಿಗೆ ಪಾಠ ಹೇಳುವುದುಂಟು. ಆದರೆ ಮೆದುಳಿನ ಚಿತ್ರಗಳನ್ನು ಗಣಕಯಂತ್ರದಿಂದ ವಿಂಗಡಿಸುವ ಇಂದಿನ ವಿಜ್ಞಾನಿಗಳು ಅವರ ಹೆಸರನ್ನು ಬೇರೊಂದು ಕಾರಣಕ್ಕೆ ಎತ್ತುತ್ತಾರೆ.

1893ರ ಜೂನ್ 29ರಂದು ಕಲ್ಕತ್ತೆಯ ಬ್ರಹ್ಮಸಮಾಜದ ಮನೆತನವೊಂದರಲ್ಲಿ ಹುಟ್ಟಿದ ಅವರು ಕಲಿತದ್ದು ಭೌತಶಾಸ್ತ್ರ. 1913ರಲ್ಲಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಗಣಿತಜ್ಞ ರಾಮಾನುಜನ್ ಅವರ ಸ್ನೇಹವೂ ಒದಗಿತು. 1915ರಲ್ಲಿ ಮರಳಿ ಹೊರಟಾಗ ಯುದ್ಧದ ದೆಸೆಯಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಅಧ್ಯಾಪಕರೊಬ್ಬರು 'ಬಯೊಮೆಟ್ರಿಕಾ' ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವನ್ನು ಕೊಂಡು, ದಾರಿಯುದ್ದಕ್ಕೂ ಓದುತ್ತಲೇ ಊರು ಸೇರಿದರು. ಹಡಗು ಹೊತ್ತಿಗೆ ಸರಿಯಾಗಿ ಬಿಟ್ಟಿದ್ದರೆ ನಮ್ಮ ದೇಶದ ಸಂಖ್ಯಾಶಾಸ್ತ್ರದ ಕಥೆ ಏನಾಗುತ್ತಿತ್ತೋ!

1920ರಲ್ಲಿ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ನೆಲ್ಸನ್ ಅನ್ನಂಡೇಲ್ ಎಂಬ ಪ್ರಾಣಿಶಾಸ್ತ್ರಜ್ಞರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ಮೈಯಳತೆಗಳನ್ನು ಪರಿಶೀಲಿಸುವಂತೆ ಕೇಳಿಕೊಂಡರು. ಮೂಗು, ತಲೆಬುರುಡೆ ಅಳೆದು ಜನರನ್ನು ಮೇಲು ಕೀಳೆಂದು ಶ್ರೇಣಿ ಕಟ್ಟುತ್ತಿದ್ದ ಕಾಲವದು. ಮಹಾಲನೋಬಿಸರಿಗೆ ಕಾಡಿದ್ದು ಲೆಕ್ಕದ ತೊಡಕು. ಎತ್ತರದಲ್ಲಿ ಅರ್ಧ ಅಂಗುಲದ ಅಂತರ ಅಣ್ಣತಮ್ಮಂದಿರಲ್ಲೂ ಇರುತ್ತದೆ. ಮೂಗಿನಲ್ಲಿ ಅರ್ಧ ಅಂಗುಲವೆಂದರೆ ಅದು ಸಣ್ಣ ಮಾತಲ್ಲ. ಇನ್ನು ಎತ್ತರದ ಆಳಿಗೆ ತೋಳೂ ಸಾಮಾನ್ಯವಾಗಿ ಉದ್ದ. ಎರಡನ್ನೂ ಬೇರೆ ಬೇರೆ ಎಣಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತೆ. ಇವೆರಡನ್ನೂ ಸರಿದೂಗಿಸಿ ಗುಂಪು ಗುಂಪುಗಳ ನಡುವಿನ ದೂರವನ್ನು ಹೇಳುವ ಸೂತ್ರವನ್ನು ಅವರು ಕಟ್ಟಿದರು. 1936ರ ಲೇಖನದಿಂದ ಅದು 'ಮಹಾಲನೋಬಿಸ್ ದೂರ' ಎಂದೇ ನೆಲೆಯಾಯಿತು.

1925ರಲ್ಲೇ ಅವರ ಲೆಕ್ಕ ಒಂದು ಸ್ವಾರಸ್ಯದ ಉತ್ತರ ಕೊಟ್ಟಿತ್ತು: ಬಂಗಾಳದ ಬ್ರಾಹ್ಮಣರು ಹೊರಪ್ರಾಂತಗಳ ಬ್ರಾಹ್ಮಣರಿಗಿಂತ ಬಂಗಾಳದ್ದೇ ಇತರ ಜಾತಿಗಳವರಿಗೆ ಹತ್ತಿರ. ಶ್ರೇಣಿ ಕಟ್ಟುವವರಿಗೆ ಇದು ರುಚಿಸುವ ಮಾತಲ್ಲ.

1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಪಳಗಿದವರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಒಬ್ಬರು. ಸುಡಾನಿನಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಗಳನ್ನು ಈ ಸೂತ್ರದಿಂದ ವಿಂಗಡಿಸಲು ಅವರನ್ನು 1946ರಲ್ಲಿ ಕೇಂಬ್ರಿಜ್‌ಗೆ ಕಳುಹಿಸಿದವರೂ ಮಹಾಲನೋಬಿಸರೇ. ಸ್ವತಃ ಅವರು 79 ತುಂಬಲು ಒಂದು ದಿನವಿರುವಾಗ, 1972ರ ಜೂನ್ 28ರಂದು ತೀರಿಕೊಂಡರು.

ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಆಮ್ಲಜನಕದ ರಕ್ತ ಹೆಚ್ಚು ಹರಿಯುತ್ತದೆ. 1990ರ ಸುಮಾರಿಗೆ ಇದನ್ನು ಅಯಸ್ಕಾಂತದ ಯಂತ್ರದಿಂದ ಚಿತ್ರವಾಗಿ ಹಿಡಿಯುವುದು ಸಾಧ್ಯವಾಯಿತು. ನೋಡುತ್ತಿರುವುದು ಮುಖವನ್ನೋ, ಮನೆಯನ್ನೋ, ಬೆಕ್ಕನ್ನೋ ಎಂದು ಮೆದುಳಿನ ಚಿತ್ರದ ವಿನ್ಯಾಸದಿಂದಲೇ ಹೇಳಬಹುದೆಂದು 2001ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಕ್ಸ್‌ಬಿ ಮತ್ತು ಸಂಗಡಿಗರು ತೋರಿಸಿದರು. ಒಂದೊಂದು ಚಿತ್ರವೂ ಸಾವಿರಾರು ಸಣ್ಣ ಚೌಕಗಳಾಗಿ ಒಡೆಯುತ್ತದೆ. ನೆರೆಯ ಚೌಕಗಳು ಜೊತೆಯಾಗಿಯೇ ಏರಿ ಇಳಿಯುತ್ತವೆ, ಎತ್ತರ ಮತ್ತು ತೋಳಿನ ಹಾಗೆ. ಆದುದರಿಂದಲೇ ಕಲ್ಕತ್ತೆಯ ಹಳೆಯ ಸೂತ್ರ ಅಲ್ಲಿ ಉಪಯೋಗಕ್ಕೆ ಬಂತು.

ಅಪಾಯವೂ ಉಂಟು. ಚೌಕಗಳು ಸಾವಿರಾರು, ಚಿತ್ರಗಳು ಕೆಲವೇ. ಗೈಡು ಉರುಹೊಡೆದ ಹುಡುಗನಂತೆ ಯಂತ್ರ ಕೊಟ್ಟ ಚಿತ್ರಗಳನ್ನೇ ಬಾಯಿಪಾಠ ಮಾಡಿ ನೂರಕ್ಕೆ ನೂರು ತೆಗೆಯುತ್ತದೆ. ಹೊಸ ರೋಗಿಯ ಮುಂದೆ ಎಡವುತ್ತದೆ. ಇಂಥ ಯಂತ್ರದ ಮಾತು ನಂಬಿ ಯಾರ ತಲೆಗಾದರೂ ರೋಗದ ಹೆಸರು ಅಂಟಿಸಿದರೆ ಗತಿಯೇನು?

ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಮಹಾಲನೋಬಿಸರು ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳುಹಿಸಿ, ಎರಡರ ಲೆಕ್ಕವನ್ನೂ ತಾಳೆ ನೋಡುತ್ತಿದ್ದರು. ಮೆದುಳಿನ ಚಿತ್ರಗಳನ್ನೂ ಈಗ ಹಾಗೆಯೇ ಪಾಲು ಮಾಡುತ್ತಾರೆ: ಒಂದು ಪಾಲು ಯಂತ್ರದ ಕಲಿಕೆಗೆ, ಇನ್ನೊಂದನ್ನು ಪರೀಕ್ಷೆಯ ದಿನದವರೆಗೆ ಅದಕ್ಕೆ ತೋರಿಸುವುದಿಲ್ಲ.